ಸೀಗಡಿ ಸಿಪ್ಪೆ ಹಾಕಿದರೆ ಹಸಿರು ನೀರು ತಿಳಿಯಾಗುತ್ತಾ?

ಹೊಂಡದಂಚು:
ಎಲ್ಲರಿಗೂ ನಮಸ್ಕಾರ. ನಮ್ಮ ಹೊಂಡದ ನೀರು ಮೂರು ವಾರದಿಂದ ಹಸಿರು ಬಣ್ಣದ ಡಬ್ಬಿ ಮಗುಚಿದ ಹಾಗಾಗಿದೆ. ಹೊಂಡ 10 ಮೀಟರ್ ಉದ್ದ, 8 ಮೀಟರ್ ಅಗಲ, ಆಳ ಸರಾಸರಿ 1.2 ಮೀಟರ್. ಬೆಳಿಗ್ಗೆ ಗಾಳಿ ಇಲ್ಲದಾಗ ಮೇಲೆ ಕೆನೆ ಕಟ್ಟುತ್ತದೆ. ಮಧ್ಯಾಹ್ನ ಗಾಳಿ ಎದ್ದರೆ ಅದೆಲ್ಲ ಒಂದು ಮೂಲೆಗೆ ಹೋಗಿ ಸೇರುತ್ತದೆ. ಕಡ್ಡಿ ಅದ್ದಿ ಎತ್ತಿದರೆ ಪಾಚಿ ಎಳೆ ಎಳೆಯಾಗಿ ಬರುವುದಿಲ್ಲ, ಪೇಂಟ್ ಬಳಿದಂತೆ ಕಡ್ಡಿಗೆ ಅಂಟುತ್ತದೆ.

ಏಡಿ, ಸೀಗಡಿಯ ಚಿಪ್ಪಿನಿಂದ ಪಾಚಿ ಇಳಿಸಬಹುದು ಅಂತ ಓದಿದ್ದೆ. ತಡ ಯಾಕೆ ಅಂತ ಸೀಗಡಿ ಸಿಪ್ಪೆ ಒಣಗಿಸಿ ಪುಡಿ ಮಾಡಿ ಎರಡು ಬಕೆಟ್ ಹಾಕಿಯೇ ಬಿಟ್ಟೆ. ನಾಲ್ಕನೇ ದಿನಕ್ಕೆ ನಾತ ಶುರುವಾಯಿತು. ಹತ್ತನೇ ದಿನಕ್ಕೆ ಹಸಿರು ಇನ್ನೂ ದಟ್ಟವಾಯಿತು. ನಾನು ಎಲ್ಲಿ ತಪ್ಪಿದೆ?

ಸುಮ್ನೆಓದುವವ:
ನೀವು ಪಾಚಿ ತೆಗೆದಿಲ್ಲ ಸರ್, ಪಾಚಿಗೆ ಎರಡು ಬಕೆಟ್ ಊಟ ಬಡಿಸಿದ್ದೀರಿ.

ಜಾರ್‌ಮೇಡಂ:
ಮೇಲಿನವರು ತಮಾಷೆಗೆ ಹೇಳಿದರೂ ವಿಷಯ ಅದೇ. ನಾನು ಕುಡಿಯುವ ನೀರು ಶುದ್ಧ ಮಾಡುವ ಕಡೆ ಕೆಲಸ ಮಾಡುವವಳು. ದಿನಾ ಜಾರ್ ಪರೀಕ್ಷೆ ಮಾಡುವುದೇ ಕೆಲಸ, ಅಂದರೆ ನೀರನ್ನು ಜಾರ್‌ಗಳಲ್ಲಿಟ್ಟು ಯಾವ ಮದ್ದು ಎಷ್ಟು ಹಾಕಿದರೆ ತಿಳಿಯಾಗುತ್ತದೆ ಅಂತ ನೋಡುವುದು. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಸಿಪ್ಪೆ ಅಂದರೆ ಒಂದೇ ವಸ್ತು ಅಲ್ಲ. ಅದರಲ್ಲಿ ಮೂರು ಸೇರಿಕೊಂಡಿವೆ. ಪ್ರೋಟೀನ್ ಶೇ. 20ರಿಂದ 40, ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಶೇ. 20ರಿಂದ 50, ಚಿಪ್ಪಿನ ನಾರಿನಂಥ ಅಂಶ, ಅಂದರೆ ಕೈಟಿನ್, ಶೇ. 15ರಿಂದ 40. ಯಾವ ಪ್ರಾಣಿ ಅನ್ನುವುದರ ಮೇಲೆ ಲೆಕ್ಕ ಬದಲಾಗುತ್ತದೆ. ನಮಗೆ ಬೇಕಾದದ್ದು ಕೈಟಿನ್ ಮಾತ್ರ, ಅದೂ ಇದ್ದ ಹಾಗೇ ಅಲ್ಲ. ನೀವು ಹಾಕಿದ ಪುಡಿಯಲ್ಲಿ ಪ್ರೋಟೀನ್ ಹಾಗೇ ಇತ್ತು. ನೀರಲ್ಲಿ ಅದು ಕೊಳೆಯಿತು, ಅಮೋನಿಯಾ ಬಿಟ್ಟಿತು, ಆಮ್ಲಜನಕ ತಿಂದಿತು. ಸಿಪ್ಪೆಗೆ ಅಂಟಿದ ಮಾಂಸದ ಚೂರಿನಲ್ಲಿ ಪಾಚಿಗೆ ಗೊಬ್ಬರವಾಗುವ ರಂಜಕವೂ (ಫಾಸ್ಫರಸ್) ಇರುತ್ತದೆ. ನಾತ ಅಲ್ಲಿಂದ, ಹೊಸ ಹಸಿರೂ ಅಲ್ಲಿಂದ.

ಪಾಚಿ ಹಿಡಿಯುವುದು ಕೈಟೋಸಾನ್. ಸಿಪ್ಪೆಯಿಂದ ಸುಣ್ಣವನ್ನು ಆಮ್ಲದಲ್ಲಿ ಕರಗಿಸಿ ತೆಗೆಯುತ್ತಾರೆ. ಪ್ರೋಟೀನನ್ನು ಕ್ಷಾರದಲ್ಲಿ ತೊಳೆಯುತ್ತಾರೆ. ಉಳಿದ ಕೈಟಿನ್ ನೀರಿಗೂ ಜಗ್ಗುವುದಿಲ್ಲ, ವಿನೆಗರ್‌ಗೂ ಜಗ್ಗುವುದಿಲ್ಲ. ಅದನ್ನು ಶೇ. 40-50ರ ಕಾಸ್ಟಿಕ್ ಸೋಡಾದಲ್ಲಿ 100 ಡಿಗ್ರಿ ಆಸುಪಾಸಿನಲ್ಲಿ ಬೇಯಿಸಿದಾಗ ಅದರ ಸರಪಳಿಗೆ ಅಂಟಿಕೊಂಡ ಅಸಿಟೈಲ್ ತುಣುಕುಗಳು ಕಳಚಿ ಅಮೈನ್ ಗುಂಪುಗಳು ಹೊರಗೆ ಬರುತ್ತವೆ. ಈಗ ಅದು ಕೈಟೋಸಾನ್. ಹುಳಿ ನೀರಲ್ಲಿ ಕರಗುತ್ತದೆ, ಧನ ವಿದ್ಯುದಂಶ ಹೊರುತ್ತದೆ. ಪಾಚಿಯ ಮೈಮೇಲೆ ಋಣ ವಿದ್ಯುದಂಶ. ಅದಕ್ಕೇ ಪಾಚಿ ಕಣಗಳು ಒಂದನ್ನೊಂದು ದೂಡುತ್ತಾ ನೀರಲ್ಲಿ ಹರಡಿಕೊಂಡಿರುತ್ತವೆ. ಕೈಟೋಸಾನ್‌ನ ಉದ್ದ ಎಳೆ ಆ ಕಣಗಳನ್ನೆಲ್ಲ ಬಾಚಿ ಗಂಟು ಕಟ್ಟುತ್ತದೆ. ಹಾಲು ಒಡೆದಾಗ ಆಗುತ್ತದಲ್ಲ, ನೋಡಲು ಹಾಗೇ ಇರುತ್ತದೆ.

ಕಸರಸ:
ನಾನು ಬಹಳ ದಿನದಿಂದ ಈ ವಿಷಯದ ಹಿಂದೆ ಬಿದ್ದಿದ್ದೇನೆ. ಜಗತ್ತಿನಲ್ಲಿ ವರ್ಷಕ್ಕೆ 60ರಿಂದ 80 ಲಕ್ಷ ಟನ್ ಏಡಿ, ಸೀಗಡಿ, ಲಾಬ್‌ಸ್ಟರ್ ಚಿಪ್ಪು ಕಸವಾಗಿ ಬೀಳುತ್ತದೆ. ಎಷ್ಟೋ ಭಾಗ ಮತ್ತೆ ಸಮುದ್ರಕ್ಕೆ, ಇಲ್ಲವೇ ಗುಂಡಿಗೆ. ಇದನ್ನು ಕಸ ಅನ್ನುವುದೇ ನಮ್ಮ ತಪ್ಪು. ಅಂದ ಹಾಗೆ ಕೈಟಿನ್ ಮೊದಲು ಸಿಕ್ಕಿದ್ದು ಚಿಪ್ಪಿನಲ್ಲಿ ಅಲ್ಲ, ಅಣಬೆಯಲ್ಲಿ. 1811ರಲ್ಲಿ ಹೆನ್ರಿ ಬ್ರಾಕೊನೊ ಅನ್ನುವ ಫ್ರೆಂಚ್ ವಿಜ್ಞಾನಿ ಕಂಡುಕೊಂಡದ್ದು.

ಮೇಡಂ, ಒಂದು ಪ್ರಶ್ನೆ. ಈ ಕಾಸ್ಟಿಕ್ ಸೋಡಾ ಕೆಲಸವನ್ನು ಮನೆಯ ಹಿತ್ತಲಲ್ಲಿ ಮಾಡಲಾಗದೇ? ಸಣ್ಣ ಪ್ರಮಾಣದಲ್ಲಿ?

ಜಾರ್‌ಮೇಡಂ:
ದಯವಿಟ್ಟು ಬೇಡ. ಅಷ್ಟು ಗಟ್ಟಿ ಕ್ಷಾರ ಕುದಿಯುವಾಗ ಒಂದು ಹನಿ ಕಣ್ಣಿಗೆ ಬಿದ್ದರೆ ಕಣ್ಣು ಹೋಗಬಹುದು. ಕೆಲಸ ಮುಗಿದ ಮೇಲೆ ಆ ಕ್ಷಾರದ ನೀರನ್ನು ಎಲ್ಲಿ ಚೆಲ್ಲುತ್ತೀರಿ? ನೀರು ಉಳಿಸಲು ಹೋಗಿ ನೀರು ಕೆಡಿಸಿದಂತೆ. ಕಸದಿಂದ ರಸ ಅನ್ನುವುದೆಲ್ಲ ಸರಿ, ಈ ದಾರಿಯಲ್ಲಿ ಆಮ್ಲ, ಕ್ಷಾರ, ತೊಳೆಯುವ ನೀರು ಎಷ್ಟು ಖರ್ಚಾಗುತ್ತದೆ ಅನ್ನುವುದನ್ನು ಯಾರೂ ಹೇಳುವುದಿಲ್ಲ. ಪರೀಕ್ಷೆಗೆ ಬೇಕಿದ್ದರೆ ತಯಾರಾದ ಪುಡಿ ತೆಗೆದುಕೊಳ್ಳಿ.

ಮನೆಯಲ್ಲಿ ನೋಡಬಹುದಾದದ್ದು ಒಂದಿದೆ. ಒಂದು ಏಡಿ ಚಿಪ್ಪನ್ನು ಲೋಟದಲ್ಲಿಟ್ಟು ವಿನೆಗರ್ ಹಾಕಿ. ಬುರುಬುರು ಗುಳ್ಳೆ ಏಳುತ್ತದೆ. ಅದು ಸುಣ್ಣ ಕರಗುತ್ತಿರುವ ಗುರುತು. ವಿನೆಗರ್ ಬದಲಿಸುತ್ತಾ ಎರಡು ಮೂರು ದಿನ ಬಿಟ್ಟರೆ ಕಲ್ಲಿನಂತಿದ್ದ ಚಿಪ್ಪು ಒದ್ದೆ ಚರ್ಮದ ಹಾಗೆ ಬಾಗುತ್ತದೆ. ಕೈಯಲ್ಲಿ ಉಳಿಯುವುದು ಕೈಟಿನ್ ಮತ್ತು ಪ್ರೋಟೀನ್. ಅಲ್ಲಿಗೆ ನಿಲ್ಲಿಸಿ.

ಹೊಂಡದಂಚು:
ತುಂಬಾ ಥ್ಯಾಂಕ್ಸ್ ಮೇಡಂ. ಹಾಕಿದ್ದ ಪುಡಿಯನ್ನು ಬಲೆಯಲ್ಲಿ ಆದಷ್ಟು ಗೋರಿ ತೆಗೆದೆ. ಕೈಟೋಸಾನ್ ಪುಡಿ ಸ್ವಲ್ಪ ಸಿಕ್ಕಿತು. ಜಾರ್ ಪರೀಕ್ಷೆ ಹೇಗೆ ಮಾಡಲಿ?

ಜಾರ್‌ಮೇಡಂ:
ಒಂದೇ ತರದ ಗಾಜಿನ ಜಾರ್ ನಾಲ್ಕೈದು. ಒಂದೊಂದಕ್ಕೂ ಒಂದು ಲೀಟರ್ ಹೊಂಡದ ನೀರು. ಮೊದಲ ಜಾರ್‌ಗೆ ಏನೂ ಹಾಕಬೇಡಿ. ಉಳಿದವಕ್ಕೆ 1, 2, 4 ಮಿಲಿಗ್ರಾಂ ಲೆಕ್ಕದಲ್ಲಿ ಕೈಟೋಸಾನ್ ದ್ರಾವಣ. ಹಾಕಿದ ತಕ್ಷಣ ಒಂದು ನಿಮಿಷ ಜೋರಾಗಿ ಕಲಕಿ. ಆಮೇಲೆ ಹದಿನೈದು ನಿಮಿಷ ಮೆಲ್ಲಗೆ. ಜೋರಾಗಿಯೇ ಕಲಕುತ್ತಿದ್ದರೆ ಕಟ್ಟಿದ ಗಂಟು ಒಡೆದು ಹೋಗುತ್ತದೆ. ಮತ್ತೆ ಒಂದು ಗಂಟೆ ಮುಟ್ಟಬೇಡಿ. ಕೈಗವಸು ಹಾಕಿಕೊಳ್ಳಿ. ಕಡ್ಡಿಗೆ ಪೇಂಟ್‌ನಂತೆ ಅಂಟುವುದು ನೀಲಿ-ಹಸಿರು ಪಾಚಿ ಇರಬಹುದು, ಅದು ವಿಷದ್ದೂ ಆಗಿರಬಹುದು. ನಾಯಿ ಇದ್ದರೆ ಆ ನೀರಿನ ಹತ್ತಿರ ಬಿಡಲೇಬೇಡಿ. ಈಜಿ ಬಂದು ಮೈ ನೆಕ್ಕಿಕೊಂಡು ಸತ್ತ ನಾಯಿಗಳಿವೆ.

ಮೀನ್‌ಮಿತ್ರ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಹೊಂಡದಲ್ಲಿ ಮೀನಿದೆಯಾ?

ಹೊಂಡದಂಚು:
ಇವೆ, ಸಣ್ಣವು. ಏಳೆಂಟು ಬಾತುಕೋಳಿಗಳೂ ಇವೆ.

ಮೀನ್‌ಮಿತ್ರ:
ಹಾಗಾದರೆ ನಿಧಾನಿಸಿ. 'ನೈಸರ್ಗಿಕ' ಅಂದ ಮಾತ್ರಕ್ಕೆ ಅದು ಮೆದು ಅಲ್ಲ. ಪಾಚಿಗೆ ಅಂಟುವ ಕೈಟೋಸಾನ್ ಮೀನಿನ ಕಿವಿರಿಗೂ ಅಂಟುತ್ತದೆ. ಕಿವಿರಿನ ಲೋಳೆಯಲ್ಲೂ ಋಣ ವಿದ್ಯುದಂಶವೇ ಇರುವುದು. ರೇನ್‌ಬೋ ಟ್ರೌಟ್ ಮೀನಿನ ಮೇಲೆ ಪರೀಕ್ಷೆ ಮಾಡಿದಾಗ ಹುಳಿಯಲ್ಲಿ ಕರಗಿಸಿದ ಕೈಟೋಸಾನ್ ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೂ ಮೀನು ಸತ್ತಿವೆ. ಟ್ರೌಟ್ ನಾಜೂಕು ಮೀನು, ಒಪ್ಪುತ್ತೇನೆ. ದಟ್ಟ ಪಾಚಿ ಇದ್ದರೆ ಬಹುಪಾಲು ಪಾಚಿಗೇ ಅಂಟಿ ಮುಗಿಯುತ್ತದೆ, ಅದೂ ನಿಜ. ಆದರೆ ಹಾಕಿದ್ದು ಜಾಸ್ತಿಯಾದರೆ ಉಳಿದದ್ದು ಎಲ್ಲಿಗೆ ಹೋಗುತ್ತದೆ ಯೋಚಿಸಿ.

ಹೊಂಡದಂಚು:
ಮಾಡಿದೆ! ಕೆಲಸ ಆಯಿತು!

ಕೈಟೋಸಾನ್ 1 ಗ್ರಾಂ, ವಿನೆಗರ್ ಬೆರೆಸಿ ಶೇ. 1ರ ಹುಳಿ ಮಾಡಿದ ನೀರು 1 ಲೀಟರ್. ರಾತ್ರಿಯಿಡೀ ಆಗಾಗ ಕಲಕಿದೆ. ಬೆಳಿಗ್ಗೆ ಸ್ವಲ್ಪ ಲೋಳೆ ಲೋಳೆ ದ್ರಾವಣ. ಒಂದು ಎಂಎಲ್‌ಗೆ ಒಂದು ಮಿಲಿಗ್ರಾಂ, ಲೆಕ್ಕ ಸುಲಭ. 2 ಮಿಲಿಗ್ರಾಂ ಹಾಕಿದ ಜಾರ್‌ನಲ್ಲಿ ಐದನೇ ನಿಮಿಷಕ್ಕೆ ಸಾಸಿವೆ ಗಾತ್ರದ ಹಸಿರು ಚೂರು ಕಾಣಿಸಿತು. ಹದಿನೈದಕ್ಕೆ ರವೆ ನೀರಲ್ಲಿ ನೆನೆದ ಹಾಗೆ ಗಂಟುಗಳು. ಗಂಟೆ ಕಳೆದ ಮೇಲೆ ಜಾರ್ ಹಿಂದೆ ಇಟ್ಟ ಪೇಪರಿನ ಅಕ್ಷರ ಓದಲು ಬಂತು. ಏನೂ ಹಾಕದ ಜಾರ್ ಮಾತ್ರ ಹಾಗೇ ಹಸಿರು.

ಹೊಂಡದ ನೀರು 96,000 ಲೀಟರ್. ಲೀಟರಿಗೆ 2 ಮಿಲಿಗ್ರಾಂ ಅಂದರೆ ಬರೀ 192 ಗ್ರಾಂ ಪುಡಿ. ಇಷ್ಟೇನಾ?

ಕಸರಸ:
ನಾನು ಹೇಳಿರಲಿಲ್ವಾ!

ಜಾರ್‌ಮೇಡಂ:
ಖುಷಿ ಆಯಿತು. ಆದರೂ ಹೊಂಡಕ್ಕೆ ಇಳಿಯುವ ಮುಂಚೆ ಒಂದು ಮಾತು. ಬರೀ ವಿನೆಗರ್ ಹಾಕಿದ ಜಾರ್ ಇಟ್ಟಿದ್ದಿರಾ? ಇಲ್ಲ ಅಲ್ವಾ?

ನಿಮ್ಮ ದ್ರಾವಣದ ಲೀಟರಿನಲ್ಲಿ ಕೈಟೋಸಾನ್ 1 ಗ್ರಾಂ, ವಿನೆಗರ್‌ನ ಹುಳಿ, ಅಂದರೆ ಅಸಿಟಿಕ್ ಆಮ್ಲ, 10 ಗ್ರಾಂ. ಅಂದರೆ 2 ಮಿಲಿಗ್ರಾಂ ಕೈಟೋಸಾನ್ ಜೊತೆಗೆ 20 ಮಿಲಿಗ್ರಾಂ ಆಮ್ಲವೂ ಜಾರ್‌ಗೆ ಹೋಯಿತು. ಬ್ಯಾಕ್ಟೀರಿಯಾಗಳಿಗೆ ಈ ಆಮ್ಲ ಹಬ್ಬದೂಟ. 20 ಮಿಲಿಗ್ರಾಂ ತಿಂದು ಮುಗಿಸಲು ಅವಕ್ಕೆ 21 ಮಿಲಿಗ್ರಾಂ ಆಮ್ಲಜನಕ ಬೇಕು. 25 ಡಿಗ್ರಿ ನೀರಿನಲ್ಲಿ ಲೀಟರಿಗೆ ಕರಗಿರುವುದೇ ಹೆಚ್ಚೆಂದರೆ 8 ಮಿಲಿಗ್ರಾಂ ಚಿಲ್ಲರೆ. ನಿಮ್ಮ ಮೀನು ಕೈಟೋಸಾನ್‌ಗೆ ಸಾಯದಿದ್ದರೆ ವಿನೆಗರ್‌ಗೆ ಸಾಯುತ್ತವೆ.

ಇದು ಮೊದಲನೇ ಕಾಟ. ಎರಡನೇದು ಇನ್ನೂ ಮುಖ್ಯ. ಬರೀ ವಿನೆಗರ್ ಜಾರ್ ಮಾಡಿ, ಪಿಎಚ್ ಅಳೆದು ಬನ್ನಿ (ನೀರು ಹುಳಿಯೋ ಕ್ಷಾರವೋ ಅನ್ನುವ ಅಳತೆ; 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ). ಅಳೆಯುವುದು ಮಧ್ಯಾಹ್ನ ಮೂರರ ಹೊತ್ತಿಗೆ.

ಹೊಂಡದಂಚು:
ಮೂರು ಗಂಟೆಗೆ ಹೊಂಡದ ಪಿಎಚ್ 9.4. ಬರೀ ವಿನೆಗರ್ ಹಾಕಿದ ಜಾರ್ 7.5. ಅದರಲ್ಲಿ ಪಾಚಿ ಗಂಟು ಕಟ್ಟಲಿಲ್ಲ. ಅಂದರೆ ಕೈಟೋಸಾನ್‌ದೇ ಕೆಲಸ ಅಂತಾಯಿತಲ್ಲ?

ಜಾರ್‌ಮೇಡಂ:
ಅರ್ಧ ಸರಿ. ಗಂಟು ಕಟ್ಟಿದ್ದು ಕೈಟೋಸಾನೇ, ಅದಕ್ಕೆ ಶಕ್ತಿ ಕೊಟ್ಟದ್ದು ವಿನೆಗರ್. ಕೈಟೋಸಾನ್‌ನ ಧನ ವಿದ್ಯುದಂಶ ಪಿಎಚ್ 6.5ರ ಹತ್ತಿರ ಅರ್ಧ ಕಳೆದುಹೋಗುತ್ತದೆ. ಮೇಲೆ ಹೋದಂತೆ ಇನ್ನೂ ಕಡಿಮೆ. 9ರಲ್ಲಿ ಹೆಚ್ಚುಕಡಿಮೆ ಏನೂ ಉಳಿಯುವುದಿಲ್ಲ. ಪಾಚಿ ಉಕ್ಕಿದ ನೀರಲ್ಲಿ ಏನಾಗುತ್ತದೆ ಅಂದರೆ, ಹಗಲೆಲ್ಲ ಪಾಚಿ ಕಾರ್ಬನ್ ಡೈಆಕ್ಸೈಡ್ ಹೀರಿ ಹೀರಿ ಪಿಎಚ್ಚನ್ನು ತಾನೇ 9, 10ಕ್ಕೆ ಏರಿಸಿಬಿಡುತ್ತದೆ. ಬೇರೆ ಮಾತಲ್ಲಿ, ಪಾಚಿ ಜಾಸ್ತಿಯಾದಷ್ಟೂ ಈ ಅಂಟಿನ ಹಿಡಿತ ಸಡಿಲ. ನನಗೆ ಇಡೀ ವಿಷಯದಲ್ಲಿ ಅತಿ ಕುತೂಹಲದ್ದು ಇದೇ. ಲ್ಯಾಬಿನಲ್ಲಿ ಪಿಎಚ್ 7ರ ನೀರಲ್ಲಿ ಬೆಳೆಸಿದ ಪಾಚಿಯ ಮೇಲೆ ಗೆದ್ದು, ಕೊಳದಲ್ಲಿ ಸೋಲುವುದು ಇದಕ್ಕೇ.

ಈಗ ಹೀಗೆ ಮಾಡಿ. 10 ಗ್ರಾಂ ಕೈಟೋಸಾನ್, ಅದೇ ಶೇ. 1ರ ಹುಳಿ 1 ಲೀಟರ್. ಜೇನಿನಷ್ಟು ಮಂದ ಆಗುತ್ತದೆ, ಕಲಕುವುದು ಕಷ್ಟ, ಕಲಕಿ. ಬಳಸುವ ಹೊತ್ತಿಗೆ ಬರೀ ನೀರು ಬೆರೆಸಿ ಹತ್ತು ಪಟ್ಟು ತೆಳು ಮಾಡಿ. ಈಗ ಒಂದು ಮಿಲಿಗ್ರಾಂ ಕೈಟೋಸಾನ್‌ಗೆ ಆಮ್ಲವೂ ಒಂದೇ ಮಿಲಿಗ್ರಾಂ. ಅದೇ ಜಾರ್ ಪರೀಕ್ಷೆ ಮಧ್ಯಾಹ್ನ ಒಮ್ಮೆ, ಮರುದಿನ ಬೆಳಿಗ್ಗೆ ಸೂರ್ಯ ಏಳುವ ಮುಂಚೆ ಒಮ್ಮೆ ಮಾಡಿ. ರಾತ್ರಿ ಎಲ್ಲವೂ ಉಸಿರಾಡಿ ಕಾರ್ಬನ್ ಡೈಆಕ್ಸೈಡ್ ಬಿಟ್ಟಿರುತ್ತವೆ, ಪಿಎಚ್ ಕೆಳಗಿರುತ್ತದೆ.

ಉಪ್ಪುನೀರು:
ಸಮುದ್ರದ ಕಡೆಯಿಂದ ಒಂದು ಮಾತು. ಉಪ್ಪು ನೀರಲ್ಲಿ ಕೈಟೋಸಾನ್ ಒಂದೇ ಹಾಕಿ ಪ್ರಯೋಜನ ಕಮ್ಮಿ. ಉಪ್ಪಿನ ಅಯಾನುಗಳು ಅದರ ವಿದ್ಯುದಂಶವನ್ನು ಮುಚ್ಚಿಹಾಕುತ್ತವೆ. ಚಾಚಿಕೊಳ್ಳಬೇಕಾದ ಎಳೆ ಸುರುಳಿ ಸುತ್ತಿಕೊಳ್ಳುತ್ತದೆ. ದಕ್ಷಿಣ ಕೊರಿಯಾದಲ್ಲಿ ಕೆಂಪು ಉಬ್ಬರ, ಅಂದರೆ ಸಮುದ್ರದಲ್ಲಿ ಪಾಚಿ ಉಕ್ಕುವುದು, ಬಂದಾಗ ಮೀನು ಸಾಕುವ ಬಲೆಗಳ ಸುತ್ತ ದೋಣಿಯಿಂದ ಹಳದಿ ಜೇಡಿಮಣ್ಣು ಎರಚುತ್ತಾರೆ. 1996ರಿಂದ ನಡೆದುಬಂದಿದೆ. ಬರೀ ಮಣ್ಣು! ಟನ್‌ಗಟ್ಟಲೆ ಬೇಕು. ಕೈಟೋಸಾನ್ ಸೇರಿಸಿದರೆ ಮಣ್ಣು ಕಡಿಮೆ ಸಾಕು ಅನ್ನುವುದೇ ಚೀನಾದವರ ಸಂಶೋಧನೆಯ ತಿರುಳು. ತಾಯ್‌ಹು ಸರೋವರದಲ್ಲಿ ದಡದ ಮಣ್ಣಿಗೇ ಕೈಟೋಸಾನ್ ಬೆರೆಸಿ ಪರೀಕ್ಷೆ ಮಾಡಿದ್ದರು. ಅದೇ ಸರೋವರದ ಪಾಚಿಯಿಂದ 2007ರಲ್ಲಿ ವೂಶಿ ನಗರದ ಸುಮಾರು 20 ಲಕ್ಷ ಜನಕ್ಕೆ ನಲ್ಲಿ ನೀರು ಮುಟ್ಟಲಾಗದೇ ಹೋಗಿತ್ತು.

ಹೊಸಬ77:
ಇಷ್ಟೆಲ್ಲ ಯಾಕೆ? ಮೈಲುತುತ್ತ ಹಾಕಿ. ಒಂದೇ ವಾರಕ್ಕೆ ಪಾಚಿ ಖಾಲಿ. ನೂರು ವರ್ಷದ ಹಳೇ ಮದ್ದು.

ಜಾರ್‌ಮೇಡಂ:
ನೂರು ವರ್ಷದ್ದು ಅನ್ನುವುದು ನಿಜ. ಅದರ ನೂರು ವರ್ಷದಲ್ಲಿ 1979 ಕೂಡ ಸೇರಿದೆ. ಆಸ್ಟ್ರೇಲಿಯಾದ ಪಾಮ್ ದ್ವೀಪದಲ್ಲಿ ಜನ ಕುಡಿಯುವ ನೀರಿನ ಅಣೆಕಟ್ಟಿನಲ್ಲಿ ಪಾಚಿ ಉಕ್ಕಿತ್ತು. ಮೈಲುತುತ್ತ ಹಾಕಿದರು. ಪಾಚಿ ಸತ್ತಿತು. ಸಾಯುವಾಗ ಮೈಯೊಳಗಿನ ವಿಷವನ್ನೆಲ್ಲ ನೀರಿಗೆ ಬಿಟ್ಟಿತು. ಕೆಲವೇ ದಿನದಲ್ಲಿ 148 ಜನ ಕಾಯಿಲೆ ಬಿದ್ದರು, ಅವರಲ್ಲಿ 138 ಮಕ್ಕಳು. ವಿಷ ಪಾಚಿಯೊಳಗೆ ಇರುವಾಗಲೇ, ಪಾಚಿ ಜೀವಂತ ಇರುವಾಗಲೇ, ಗಂಟು ಕಟ್ಟಿ ಇಳಿಸಬೇಕು ಅನ್ನುವ ಯೋಚನೆ ಹುಟ್ಟಿದ್ದು ಇಂಥದ್ದರಿಂದ.

ಕುದಿಸಿದರೆ ಆಗದೇ ಅಂತ ಯಾರಾದರೂ ಕೇಳುವ ಮುಂಚೆ ಹೇಳಿಬಿಡುತ್ತೇನೆ. ಆಗದು. ನೀಲಿ-ಹಸಿರು ಪಾಚಿಯ ವಿಷವಾದ ಮೈಕ್ರೋಸಿಸ್ಟಿನ್ ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಅಮೆರಿಕದ ಟೊಲಿಡೊದಲ್ಲಿ 2014ರ ಆಗಸ್ಟ್‌ನಲ್ಲಿ ನಾಲ್ಕೈದು ಲಕ್ಷ ಜನಕ್ಕೆ ಕೊಟ್ಟ ಸೂಚನೆಯಲ್ಲಿ 'ನೀರು ಕುಡಿಯಬೇಡಿ' ಅನ್ನುವುದರ ಜೊತೆಗೇ 'ಕುದಿಸಬೇಡಿ' ಅಂತಲೂ ಇತ್ತು. ವಿಶ್ವ ಆರೋಗ್ಯ ಸಂಸ್ಥೆ ದಿನಾ ಕುಡಿಯುವ ನೀರಿನಲ್ಲಿ ಈ ವಿಷಕ್ಕೆ ಇಟ್ಟ ಮಿತಿ ಲೀಟರಿಗೆ 1 ಮೈಕ್ರೋಗ್ರಾಂ.

ಮೀನ್‌ಮಿತ್ರ:
ಕೈಟೋಸಾನ್ ಪಾಚಿಯನ್ನು ಒಡೆಯುವುದೇ ಇಲ್ಲ ಅಂತ ನೀವು ಹೇಳಿದ ಹಾಗಾಯಿತು ಮೇಡಂ. ಅದು ಪೂರ್ತಿ ಸರಿಯಲ್ಲ.

ಜಾರ್‌ಮೇಡಂ:
ಸರಿ, ನನ್ನ ಮಾತು ತಿದ್ದಿಕೊಳ್ಳುತ್ತೇನೆ. ಕೈಟೋಸಾನ್ ಬ್ಯಾಕ್ಟೀರಿಯಾದ ಹೊರಪದರ ಕೆಡಿಸುತ್ತದೆ, ಅದು ಮೊದಲಿಂದ ಗೊತ್ತಿರುವುದೇ. ನೀಲಿ-ಹಸಿರು ಪಾಚಿ ಅಂದರೂ ಅದು ಬ್ಯಾಕ್ಟೀರಿಯಾವೇ. ಕೆಲವು ಜಾತಿ, ಕೆಲವು ತಳಿ ಕೈಟೋಸಾನ್ ಬಿದ್ದ ಮೇಲೆ ಬೇಗ ಒಡೆದುಹೋಗುವುದನ್ನು ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ತೋರಿಸಿದ್ದಾರೆ. ಕೆಲವಕ್ಕೆ ಏನೂ ಆಗುವುದಿಲ್ಲ. ನಿಮ್ಮ ಹೊಂಡದ್ದು ಯಾವುದು ಅನ್ನುವುದು ಹೊಂಡದ ನೀರನ್ನೇ ಕೇಳಬೇಕು. ಅಂದಾಜು ಬೇಕಿದ್ದರೆ, ಇಳಿದ ಗಂಟಿನ ಮೇಲಿನ ನೀರು ಮರುದಿನ ನೀಲಿ ಛಾಯೆಗೆ ತಿರುಗಿದೆಯಾ ನೋಡಿ. ಒಡೆದ ಜೀವಕೋಶದಿಂದ ಫೈಕೋಸಯನಿನ್ ಅನ್ನುವ ನೀಲಿ ಬಣ್ಣ ಹೊರಗೆ ಬರುತ್ತದೆ. ನೀಲಿ ಕಂಡರೆ ಕೈಟೋಸಾನ್ ಮಾತೇ ಬಿಡಿ.

ಹೊಂಡದಂಚು:
ಎರಡು ದಿನದ ವರದಿ. ಹೊಸ ದ್ರಾವಣ, ಆಮ್ಲ ಕಮ್ಮಿ ಇರುವುದು.

ಮಧ್ಯಾಹ್ನ, ಪಿಎಚ್ 9.3: 2 ಮಿಲಿಗ್ರಾಂ ಜಾರ್‌ನಲ್ಲಿ ಏನೂ ಇಲ್ಲ. 4ರಲ್ಲಿ ಅಲ್ಲೊಂದು ಇಲ್ಲೊಂದು ಚೂರು. ಮೊದಲ ದಿನದ ಖುಷಿಯೆಲ್ಲ ಇಳಿಯಿತು.

ಬೆಳಿಗ್ಗೆ ಐದೂವರೆ, ಪಿಎಚ್ 7.9: 2ರಲ್ಲಿ ಗಂಟು ಕಟ್ಟಿತು. ಆದರೆ ಕೆಳಗೆ ಇಳಿಯಲಿಲ್ಲ! ಗಂಟೆಲ್ಲ ಮೇಲೇ ತೇಲುತ್ತಾ ನಿಂತಿತು. ಮೊದಲ ದಿನ ಯಾಕೆ ಇಳಿದಿತ್ತು, ಈಗ ಯಾಕೆ ಇಳಿಯಲಿಲ್ಲ?

ಜಾರ್‌ಮೇಡಂ:
ಈ ಪಾಚಿಗೆ ಒಳಗೇ ಗಾಳಿ ಚೀಲ ಇರುತ್ತದೆ. ಹಗಲೆಲ್ಲ ಬಿಸಿಲಲ್ಲಿ ಸಕ್ಕರೆ ಕೂಡಿಟ್ಟುಕೊಂಡು ಸಂಜೆಗೆ ಭಾರವಾಗುತ್ತದೆ. ರಾತ್ರಿ ಅದನ್ನು ಖರ್ಚು ಮಾಡಿ ಹಗುರಾಗಿ ಬೆಳಿಗ್ಗೆ ಮೇಲೆ ಬರುತ್ತದೆ. ನೀವು ಮೊದಲ ಬರಹದಲ್ಲೇ 'ಬೆಳಿಗ್ಗೆ ಕೆನೆ' ಅಂದಿದ್ದಿರಿ. ಗಂಟು ಕಟ್ಟಿದರೂ ತೆಪ್ಪ ತೆಪ್ಪವೇ. ಭಾರ ಕಟ್ಟಬೇಕು. ಕೈಟೋಸಾನ್ ಜೊತೆ ಜೇಡಿಮಣ್ಣು ಹಾಕುವುದು ಅದಕ್ಕೇ. ಒಂದು ಲೀಟರಿಗೆ ಚಿಟಿಕೆ ಸಣ್ಣ ಜೇಡಿಮಣ್ಣನ್ನು ನೀರಲ್ಲಿ ಕದಡಿ ಮೊದಲು ಹಾಕಿ, ಆಮೇಲೆ ಕೈಟೋಸಾನ್.

ಕಸರಸ:
ಇನ್ನೊಂದು ಐಡಿಯಾ. ಸಿಂಪಿ ಚಿಪ್ಪು, ಮರುವಾಯಿ ಚಿಪ್ಪು ಇವುಗಳಲ್ಲಿ ಕೈಟಿನ್ ನೆಪಕ್ಕೆ ಮಾತ್ರ, ಬಹುಪಾಲು ಸುಣ್ಣವೇ. 800-900 ಡಿಗ್ರಿಯಲ್ಲಿ ಸುಟ್ಟರೆ ಸುಟ್ಟ ಸುಣ್ಣ ಆಗುತ್ತದೆ. ಅದು ನೀರಿನ ರಂಜಕವನ್ನು ಹಿಡಿದು ಗಟ್ಟಿ ಮಾಡುತ್ತದೆ. ಭಾರವೂ ಆಯಿತು, ರಂಜಕವೂ ಹೋಯಿತು. ಸೀಗಡಿಯಿಂದ ಅಂಟು, ಸಿಂಪಿಯಿಂದ ಭಾರ. ಎರಡನ್ನೂ ಒಟ್ಟಿಗೆ ಹಾಕಿದರೆ?

ಜಾರ್‌ಮೇಡಂ:
ಸುಟ್ಟ ಸುಣ್ಣ ಪಿಎಚ್ಚನ್ನು ಮೇಲಕ್ಕೆ ಎಳೆಯುತ್ತದೆ, ಕೈಟೋಸಾನ್‌ಗೆ ಪಿಎಚ್ ಕೆಳಗೆ ಬೇಕು. ಒಂದು ಕೈಯಲ್ಲಿ ಕಟ್ಟಿದ್ದನ್ನು ಇನ್ನೊಂದು ಕೈಯಲ್ಲಿ ಬಿಚ್ಚಿದ ಹಾಗೆ. ಮೀನಿಗೂ ಅಪಾಯ. ಸುಟ್ಟ ಚಿಪ್ಪಿನ ಜಾಗ ಹೊಂಡ ಅಲ್ಲ, ಹೊಂಡಕ್ಕೆ ಬರುವ ಕೊಳಕು ನೀರಿನ ಕಾಲುವೆ. ಅಲ್ಲೂ ಹೊರಬರುವ ನೀರಿನ ಪಿಎಚ್ ನೋಡಿಕೊಂಡೇ ಮುಂದೆ ಬಿಡಬೇಕು.

ರಂಜಕದ ಮಾತು ಎತ್ತಿದ್ದು ಒಳ್ಳೇದಾಯಿತು. 1973ರಲ್ಲಿ ಕೆನಡಾದಲ್ಲಿ ಒಂದು ಸಣ್ಣ ಸರೋವರಕ್ಕೆ ಅಡ್ಡ ಪರದೆ ಕಟ್ಟಿ ಎರಡು ಭಾಗ ಮಾಡಿದರು. ಒಂದು ಕಡೆ ಇಂಗಾಲ, ಸಾರಜನಕ. ಇನ್ನೊಂದು ಕಡೆ ಅದರ ಜೊತೆಗೆ ರಂಜಕ. ರಂಜಕ ಬಿದ್ದ ಕಡೆ ಮಾತ್ರ ಹಸಿರಾಯಿತು. ಪರದೆಯ ಈಚೆ ಆಚೆ ಬಣ್ಣ ಬೇರೆ ಇರುವ ಆ ಫೋಟೋ ಈಗಲೂ ಪಾಠದಲ್ಲಿ ತೋರಿಸುತ್ತಾರೆ. ಒಂದು ಗ್ರಾಂ ರಂಜಕ ಸಿಕ್ಕರೆ ಸುಮಾರು ನೂರು ಗ್ರಾಂ ಒಣ ಪಾಚಿ ಬೆಳೆಯಬಹುದು. ಕೈಟೋಸಾನ್ ಪಾಚಿಯನ್ನು ಇಳಿಸುತ್ತದೆ ಅಷ್ಟೇ. ಅದು ತಳದಲ್ಲಿ ಕೊಳೆತು ಅದೇ ರಂಜಕವನ್ನು ಮತ್ತೆ ಬಿಡುತ್ತದೆ. ಹೊಂಡದಂಚು ಅವರೇ, ನಿಮ್ಮ ಹೊಂಡಕ್ಕೆ ಏನೇನು ಬಂದು ಬೀಳುತ್ತದೆ?

ಹೊಂಡದಂಚು:
ಬಾತುಗಳ ಹಿಕ್ಕೆ. ಮೀನಿಗೆ ಹಾಕುವ ಆಹಾರ, ಮಕ್ಕಳು ಕೈಗೆ ಬಂದಷ್ಟು ಎರಚುತ್ತಾರೆ. ಮತ್ತೆ... ಹೇಳಲು ನಾಚಿಕೆ. ಗೊಬ್ಬರದ ಗುಡ್ಡೆ ಹೊಂಡದ ಮೇಲ್ಗಡೆ ಇಳಿಜಾರಿನಲ್ಲೇ ಇದೆ. ಮಳೆ ಬಂದಾಗ ಕಂದು ನೀರು ಸೀದಾ ಇಳಿಯುವುದನ್ನು ನಾನೇ ನೋಡಿದ್ದೇನೆ.

ಸುಮ್ನೆಓದುವವ:
ಅದರ ಮೇಲೆ ಎರಡು ಬಕೆಟ್ ಸಿಪ್ಪೆ.

ಹೊಂಡದಂಚು:
ಗಾಯಕ್ಕೆ ಉಪ್ಪು ಹಾಕಬೇಡಿ ಸರ್. 🙂

ಉಪ್ಪುನೀರು:
ನಾನಾದರೆ ಹೊಂಡಕ್ಕೆ ಕೈಟೋಸಾನ್ ಹಾಕುತ್ತಲೇ ಇರಲಿಲ್ಲ. ಇಷ್ಟು ಸಣ್ಣ ಹೊಂಡಕ್ಕೆ ಬೆಳಿಗ್ಗೆ ಕಟ್ಟುವ ಕೆನೆಯನ್ನು ಮೂಲೆಯಲ್ಲೇ ಗೋರಿ ತೆಗೆದರೂ ಆಯಿತು. ತೆಗೆದಷ್ಟೂ ರಂಜಕ ಹೊರಗೆ. ಗೋರಿದ್ದನ್ನು ಆ ಗುಡ್ಡೆಗೇ ಹಾಕಬೇಡಿ ಮತ್ತೆ. ನಾಯಿ, ಬಾತು ಮುಟ್ಟದ ಕಡೆ ಗುಂಡಿ ತೋಡಿ ಮುಚ್ಚಿ.

ಕಸರಸ:
ಹಾಗಂದರೆ ಚಿಪ್ಪಿನ ಕೆಲಸ ವ್ಯರ್ಥ ಅಂತಲಾ?

ಜಾರ್‌ಮೇಡಂ:
ಯಾರು ಹಾಗಂದರು? ಕುಡಿಯುವ ನೀರಿನ ತೊಟ್ಟಿಯಲ್ಲಿ ಪಿಎಚ್ ನಮ್ಮ ಕೈಯಲ್ಲಿರುತ್ತದೆ, ಇಳಿದ ಕೆಸರನ್ನು ಕೂಡಲೇ ಹೊರಗೆ ತೆಗೆಯುತ್ತೇವೆ, ಮೀನೂ ಇಲ್ಲ. ಅಲ್ಲಿ ಕೈಟೋಸಾನ್ ಒಳ್ಳೇ ಕೆಲಸಗಾರ. ಪಾಚಿ ಬೆಳೆಸಿ ಕೊಯ್ಲು ಮಾಡುವವರಿಗೂ ಅಷ್ಟೇ. ತೆರೆದ ಹೊಂಡದಲ್ಲಿ ಅದು ಪಿಎಚ್, ತಳಿ, ಗಾಳಿ ಚೀಲ, ಮೀನು, ನಾಲ್ವರ ಹಂಗಿನಲ್ಲಿರುತ್ತದೆ.

ಹೊಂಡದಂಚು:
ಹದಿನೈದು ದಿನ ಬಿಟ್ಟು ಬರೆಯುತ್ತಿದ್ದೇನೆ. ಗೊಬ್ಬರದ ಗುಡ್ಡೆಯನ್ನು ಆಚೆ ಬದಿಗೆ ಹೊತ್ತು ಹಾಕಿದೆವು, ಬೆನ್ನು ಇನ್ನೂ ನೋಯುತ್ತಿದೆ. ಇಳಿಜಾರಿಗೆ ಅಡ್ಡ ಬದು ಕಟ್ಟಿದೆ. ಮೀನಿನ ಆಹಾರದ ಡಬ್ಬಿ ಈಗ ಎತ್ತರದ ಕಪಾಟಿನಲ್ಲಿ. ದಿನಾ ಬೆಳಿಗ್ಗೆ ಆರಕ್ಕೆ ಕೆನೆ ಗೋರುತ್ತೇನೆ. ಮೊದಲು ದಿನಕ್ಕೆ ಒಂದು ಬಕೆಟ್ ಬರುತ್ತಿತ್ತು, ಈ ವಾರ ಮುಕ್ಕಾಲು.

ಜಾರ್‌ಗಳನ್ನು ಮಾತ್ರ ಎಸೆದಿಲ್ಲ. ಜೇಡಿಮಣ್ಣು, 2 ಮಿಲಿಗ್ರಾಂ ಕೈಟೋಸಾನ್ ಹಾಕಿದ ಜಾರ್‌ನಲ್ಲಿ ಪಾಚಿ ಒಂದೇ ಗಂಟೆಯಲ್ಲಿ ಪೂರ್ತಿ ತಳಕ್ಕೆ ಇಳಿಯಿತು. ಮರುದಿನ ನೀಲಿ ಛಾಯೆ ಕಾಣಲಿಲ್ಲ. ಐದನೇ ದಿನ ತಳದ ಕೆಸರು ಕಪ್ಪಾಗಿ, ಒಂದೊಂದೇ ಗುಳ್ಳೆ ಬಿಡಲು ಶುರುವಾಯಿತು. ಒಂಬತ್ತನೇ ದಿನ ಜಾರ್‌ನ ಗೋಡೆಗೆ ತೆಳ್ಳಗೆ ಹಸಿರು ಹತ್ತಿದೆ. ಕಿಟಕಿಯಲ್ಲೇ ಇಟ್ಟಿದ್ದೇನೆ.